ಐದನೇ ಬೇಡಿಕೆ

ಜಕ್ಕಲಿಯಿಂದ ರೋಣಕ್ಕೆ ಸರ್ಕಾರಿ ಬಸ್ಸಿನಲ್ಲಿ ಹೋದರೆ ಹೆಂಗಸರಿಗೆ ಖರ್ಚು ಸೊನ್ನೆ. ಖಾಸಗಿ ಟಂಟಂ ರಿಕ್ಷಾ ಹತ್ತಿದರೆ ಹೋಗಲಿಕ್ಕೆ ನಲವತ್ತು, ಬರಲಿಕ್ಕೆ ನಲವತ್ತು. ಅಲ್ಲಿಯ ಮಾರ್ಕೆಟ್ಟಿನಲ್ಲಿ ಮೊರದಿಂದ ಕೇರಿ ಕಡಲೆ ಹಸನು ಮಾಡಿದರೆ ದಿನದ ಕೂಲಿ ಮುನ್ನೂರು. ಎಂಟು ಗಂಟೆ ದಾಟಿ ಬಂದವರಿಗೆ ಅರ್ಧ, ಅಂದರೆ ನೂರೈವತ್ತು. ಅದರಲ್ಲಿ ಎಂಬತ್ತು ಟಂಟಂನವನಿಗೆ ಕೊಟ್ಟರೆ ಕೈಯಲ್ಲಿ ಉಳಿಯುವುದು ಎಪ್ಪತ್ತು. ಎಪ್ಪತ್ತು ರೂಪಾಯಿಗೆ ಅರ್ಧ ಕಿಲೋ ಎಣ್ಣೆಯೂ ಬರುವುದಿಲ್ಲ.

ಟಂಟಂನ ಹಿಂದಿನ ಹಲಗೆಯ ಮೇಲೆ ಅರ್ಧ ಕುಂಡಿ ಊರಿ, ಬಿದಿರಿನ ಮೊರವನ್ನು ಎದೆಗವಚಿಕೊಂಡು ಕೂತಿದ್ದ ಮದರಬಿ ಈ ಲೆಕ್ಕವನ್ನು ಊರ ಹಳ್ಳ ದಾಟುವುದರೊಳಗೆ ಮುಗಿಸಿದ್ದಳು. ಏಳರ ಬಸ್ಸು ಕೈಕೊಟ್ಟದ್ದು ಹದಿನೈದು ದಿನದಲ್ಲಿ ಇದು ಆರನೇ ಸಲ.

ಜಕ್ಕಲಿಯ ಹದಿನಾಲ್ಕು ಹೆಂಗಸರು ಅಂದಾನಪ್ಪ ಸಾವ್ಕಾರನ ದಲಾಲಿ ಅಂಗಡಿ ಮುಟ್ಟಿದಾಗ ಎಂಟೂ ಇಪ್ಪತ್ತು.

"ಏನಬೇ, ಜಕ್ಕಲ್ಯಾಗ ಈಗ ಬೆಳಗಾತೇನು?" ಸಾವ್ಕಾರ ಗಾದಿಯ ಮೇಲಿಂದಲೇ ಕೇಳಿದ. "ಗಂಡಂದಿರ ಮಗ್ಗಲದಾಗಿಂದ ಏಳಾಕ ಮನಸ್ಸ ಬರಲಿಲ್ಲ ಕಾಣತೈತಿ."

"ಬಸ್ಸ ಬರಲಿಲ್ರಿ ಸಾವ್ಕಾರ್ರ," ಎಂದಳು ಮದರಬಿ.

"ಬಸ್ಸಿಲ್ಲಂದ್ರ ಕಾಲ ಇಲ್ಲೇನು? ನಿಮ್ಮಂಥವರಿಗೆ ಸರ್ಕಾರ ಪುಗಸಟ್ಟೆ ಬಸ್ ಕೊಟ್ಟ ನಡಿಯೂದು ಮರಿಸೇತಿ ನೋಡ."

ಹಮಾಲರು ನಕ್ಕರು. ನಗದಿದ್ದರೆ ಅವರ ಕೂಲಿಗೂ ಸಂಚಕಾರ.

ಅಂಗಳದಲ್ಲಿ ಆರು ರಾಶಿ ಸುರಿದಿದ್ದರು. ಆರರ ಮೇಲೂ ಆಗಲೇ ಮೊರ ಬೋರಲು ಬಿದ್ದಿದ್ದವು, ಎಲ್ಲ ರೋಣದ ಹೆಂಗಸರವು. ಆ ಅಂಗಡಿಯಲ್ಲಿ ಅದೊಂದು ಕಟ್ಟಳೆ. ರಾಶಿಯ ಮೇಲೆ ಯಾರು ಮೊದಲು ಮೊರ ಇಡುತ್ತಾರೋ ರಾಶಿ ಅವರದು. ಇಟ್ಟವಳು ನೀರಿಗೆ ಹೋಗಲಿ, ಕೂಸಿಗೆ ಮೊಲೆ ಕೊಡಲಿಕ್ಕೆ ಹೋಗಲಿ, ಅವಳ ಮೊರವನ್ನು ಇನ್ನೊಬ್ಬರು ಎತ್ತುವಂತಿಲ್ಲ. ಇಪ್ಪತ್ತು ವರ್ಷದ ಹಿಂದೆ ಇಬ್ಬರು ಹೆಂಗಸರು ಒಂದು ರಾಶಿಗಾಗಿ ಜುಟ್ಟು ಹಿಡಿದು ಬಡಿದಾಡಿ, ಎರಡು ಚೀಲ ಕಡಲೆ ಗಟಾರ ಸೇರಿದಾಗ ಅಂದಾನಪ್ಪನೇ ಮಾಡಿದ ನಿಯಮ. ಆಮೇಲೆ ಇಡೀ ಮಾರ್ಕೆಟ್ಟಿಗೇ ಅದು ರೂಢಿಯಾಯಿತು. ಹಮಾಲರು ಸಹ ತುಂಬಿದ ಚೀಲ ಹೊತ್ತುಕೊಂಡು ಮೊರ ಸುತ್ತಿ ಹೋಗುತ್ತಾರೆಯೇ ಹೊರತು ದಾಟುವುದಿಲ್ಲ.

"ಉದುರಿದ್ದು ಬಳದ ಹಸನ ಮಾಡ್ರಿ," ಎಂದ ಸಾವ್ಕಾರ. "ಅರ್ಧಾ ಪಗಾರ."

ಮುದುಕಿ ಚನ್ನವ್ವ ಬಾಯಿ ಒಣಗಿ ನೀರು ಕೇಳಿದಳು. ಅಂಗಡಿಯ ಆಳು ತಂಬಿಗೆಯನ್ನು ಎತ್ತರ ಹಿಡಿದು ಅವಳ ಬೊಗಸೆಗೆ ಸುರಿದ. ಅದೇ ತಂಬಿಗೆಯನ್ನು ಗೌರವ್ವನ ಕೈಗೇ ಕೊಟ್ಟ. ಮದರಬಿ ಮನೆಯಿಂದ ತಂದ ಬಾಟಲಿಯ ಬೂಚು ತೆಗೆದಳು.

ಮಧ್ಯಾಹ್ನ ರೊಟ್ಟಿ ಬಿಚ್ಚುವ ಹೊತ್ತಿಗೆ ಸಾವ್ಕಾರ ತಾನಾಗಿ ಎದ್ದು ಬಂದ. ದನಿ ಬದಲಾಗಿತ್ತು. ಹಿಂದೆ ಅವನ ತಮ್ಮನ ಮಗ ಶಶಿಕಾಂತ, ಕೈಯಲ್ಲಿ ಕಾಗದ, ಹೆಬ್ಬೆಟ್ಟಿನ ಮಸಿಡಬ್ಬಿ.

"ನಾಳಿ ಹುಬ್ಬಳ್ಳ್ಯಾಗ ದೊಡ್ಡ ಸಭಾ ಐತಿ. ನೀವೆಲ್ಲಾ ಬರಬೇಕು. ನ್ಯಾಯ ಕೇಳೂದೈತಿ."

"ಯಾವ ನ್ಯಾಯರಿ?" ಎಂದಳು ಚನ್ನವ್ವ.

"ಬೆಂಗಳೂರಾಗ ನೆಲದ ಬುಡಕ ಒಂದ ರೈಲು, ನೆತ್ತಿ ಮ್ಯಾಲ ಒಂದ ರೈಲು. ನಾಕ ನಿಮಿಷಕ್ಕೊಂದ ಬರತಾವು. ಸಾವಿರಗಟ್ಟಲೆ ಕೋಟಿ ಸುರದಾರ. ನಮ್ಮ ಹುಬ್ಬಳ್ಳಿಗಿ? ಚಿಪ್ಪು. ರೊಕ್ಕ ರಾಜ್ಯದ್ದು, ಅಂದ್ರ ನಿಂದೂ ಐತಿ ಅದರಾಗ ಚನ್ನವ್ವಾ, ನೀ ಕೊಂಡ ಬೆಂಕಿಪೆಟಗಿದೂ ಟ್ಯಾಕ್ಸ್ ಐತಿ. ಎಲ್ಲಾರ ರೊಕ್ಕ, ಒಂದ ಊರಿಗೆ ರೈಲು. ಇದ ನ್ಯಾಯ ಏನು?"

ಮದರಬಿಗೆ ಮಾತು ಸರಿಯೆನಿಸಿತು. ಸಾವ್ಕಾರ ಕೆಟ್ಟವನಿರಬಹುದು, ಆಡಿದ ಮಾತು ಕೆಟ್ಟದ್ದಲ್ಲ. ಒಬ್ಬರ ತಾಟಿಗೆ ತುಪ್ಪ ಸುರಿದು ಇನ್ನೊಬ್ಬರಿಗೆ ಬರೀ ನುಚ್ಚು ಹಾಕಿದರೆ ಯಾರಿಗಾದರೂ ಹೊಟ್ಟೆ ಉರಿಯುತ್ತದೆ.

"ಸಾವ್ಕಾರಂದು ಹುಬ್ಬಳ್ಳ್ಯಾಗ ಹೊಸಾ ಲೇಔಟಿನಾಗ ಆರ ಸೈಟ ಅದಾವಂತ," ಗೌರವ್ವ ಕಿವಿಯಲ್ಲಿ ಉಸುರಿದಳು. "ರೈಲು ಅದರ ಮುಂದ ಹಾಯತೈತಂತ."

"ಹಾಯಲಿ ಬಿಡವಾ. ನಮಗ ಬೇಕಾದ್ದು ನಾವು ಕೇಳೂಣು," ಎಂದು ಮದರಬಿ ಎದ್ದು ನಿಂತಳು. "ಸಾವ್ಕಾರ್ರ, ಬರತೀವಿ. ನಮ್ಮದೂ ಒಂದ ಮಾತ ಐತಿ. ಏಳರ ಬಸ್ಸ ದಿನಾ ಬರಬೇಕು. ಮೈಕಿನಾಗ ನೀವು ಅದನ್ನ ಆಡಬೇಕು."

ಸಾವ್ಕಾರ ಶಶಿಕಾಂತನ ಮುಖ ನೋಡಿದ. ಶಶಿಕಾಂತ ನಕ್ಕ.

"ಆಡೂಣಂತ. ಬಸ್ಸಿಂದೂ ಐತಿ ಇದರಾಗ, ಐದನೇ ಬೇಡಿಕಿ," ಎಂದು ಕಾಗದ ಮುಂದೆ ಹಿಡಿದ. "ಒತ್ತರಿ ಹೆಬ್ಬೆಟ್ಟು. ಮುನ್ನೂರ ರೂಪಾಯಿ ಕೂಲಿ, ಊಟ. ಬರೂ ಮುಂದ ಎಲ್ಲಾರೂ ಮರ ತರ್ರಿ. ಟೀವಿಯವರು ಬರತಾರ, ಕೈಯಾಗ ಮರ ಇದ್ರ ಕೂಲಿ ಮಂದಿ ಅಂತ ಚಲೋ ಕಾಣತೈತಿ."

ಜಕ್ಕಲಿಯ ಮಾತಿನಲ್ಲಿ ಮೊರಕ್ಕೆ ಮರವೆಂದೇ ಹೆಸರು. ಹದಿನಾಲ್ಕು ಹೆಂಗಸರಲ್ಲಿ ಹದಿಮೂರು ಮಂದಿ ಸಾಲುಗಟ್ಟಿ ಹೆಬ್ಬೆಟ್ಟು ಒತ್ತಿದರು. ಏಳನೇ ಇಯತ್ತೆ ಓದಿದ್ದ ಗೌರವ್ವ ಸಹಿ ಮಾಡಿದಳು. ಓದಿ ನೋಡೋಣವೆಂದರೆ ಶಶಿಕಾಂತ ಆಗಲೇ ಹಾಳೆ ಮಡಚಿದ್ದ. ಬಸ್ಸಿನ ವಿಷಯ ಇದೆ ಅಂದಮೇಲೆ ಓದುವುದೇನು ಎಂದುಕೊಂಡರು ಎಲ್ಲರೂ.

ಮದರಬಿ ಮಸಿ ಹತ್ತಿದ ಬೆರಳನ್ನು ಕಡಲೆ ಹೊಟ್ಟಿಗೆ ತಿಕ್ಕಿದಳು. ಅವಳ ಗಂಡ ಮೆಹಬೂಬಸುಭಾನಿಗೆ ಗಾದಿ ಹೊಲಿಯುವ ಕೆಲಸ. ಅರಳೆಯ ಧೂಳು ಎದೆಗೆ ಕೂತು ಎರಡು ವರ್ಷದಿಂದ ಕೂತಲ್ಲೇ ಕೆಮ್ಮುತ್ತಾನೆ. ಮನೆಯ ಒಲೆ ಉರಿಯುವುದು ಏಳರ ಬಸ್ಸಿನಿಂದ. ಬಸ್ಸು ಬಂದರೆ ಮುನ್ನೂರು, ಬರದಿದ್ದರೆ ಎಪ್ಪತ್ತು. ಅವಳಿಗೆ ರಾಜ್ಯದ ಹಣಕಾಸು ಇಷ್ಟೇ.

*

ಮರುದಿನ ಬಸ್ಸು ಏಳಕ್ಕೆ ಸರಿಯಾಗಿ ಬಂತು. ಅವರದೇ ಬಸ್ಸು. ಎಡಗಡೆಯ ಮೂರನೇ ಕಿಟಕಿಗೆ ಗಾಜಿಲ್ಲ, ಹಿಂದಿನ ಸೀಟಿನ ಕಬ್ಬಿಣ ಸೀರೆ ಹರಿಯುತ್ತದೆ. ಮುಂದೆ ಮಾತ್ರ ಹೊಸದಾಗಿ ಬಟ್ಟೆಯ ಫಲಕ ಕಟ್ಟಿದ್ದರು.

"ಏನ ಬರದಾರ ಬೇ?"

"'ನಮ್ಮ ಪಾಲು ನಮಗೆ ಕೊಡಿ' ಅಂತ," ಓದಿದಳು ಗೌರವ್ವ.

ಡ್ರೈವರೂ ಕಂಡಕ್ಟರೂ ಒಬ್ಬನೇ, ದೇವಪ್ಪ. ಅವನ ತಾಯಿಯೂ ಇದೇ ಮಾರ್ಕೆಟ್ಟಿನಲ್ಲಿ ಹಸನು ಮಾಡಿ ಅವನನ್ನು ಬೆಳೆಸಿದವಳು. ದಿನಾ ಬಾಗಿಲಲ್ಲಿ ಏನಾದರೊಂದು ಚಾಷ್ಟಿ ಮಾಡಿ ನಗಿಸುವವನು ಇವತ್ತು ಸ್ಟೇರಿಂಗಿಗೆ ಮುಖ ಹಾಕಿಕೊಂಡು ಕೂತಿದ್ದ.

"ಯಾಕಪಾ ದೇವಪ್ಪ, ಹೆಂಡ್ತಿ ರಾತ್ರಿ ಹೊರಗ ಹಾಕಿದ್ಲೇನು?" ಎಂದಳು ಚನ್ನವ್ವ.

"ಹತ್ತ ಯವ್ವಾ ಸುಮ್ನ," ಎಂದ.

ನಿಲ್ದಾಣದಲ್ಲಿ ರೋಣದ ಶಾಲೆಗೆ ಹೋಗುವ ಹುಡುಗಿಯರು ಚೀಲ ಹೊತ್ತು ನಿಂತಿದ್ದರು. ಹತ್ತಲು ಬಂದವರನ್ನು ಶಶಿಕಾಂತ ಕೈ ಅಡ್ಡ ಹಾಕಿ ತಡೆದ. "ಇದು ಇವತ್ತ ಸ್ಪೆಷಲ್ ಗಾಡಿ. ಮುಂದಿಂದು ನೋಡ್ರಿ." ಮುಂದಿನದು ಹತ್ತೂವರೆಗೆ ಎಂಬುದು ಅವರಿಗೂ ಗೊತ್ತಿತ್ತು, ಅವನಿಗೂ ಗೊತ್ತಿತ್ತು. ಬಸ್ಸು ಹೊರಟಾಗ ಒಬ್ಬ ಹುಡುಗಿ ಫಲಕವನ್ನು ಬಾಯಿಬಿಟ್ಟು ಓದುತ್ತ ಹಿಂದೆ ಉಳಿದಳು. ಮದರಬಿ ಮುಖ ತಿರುಗಿಸಿದಳು. ಒಂದು ದಿನ ತಾನೇ, ನಾಳೆಯಿಂದ ಇವರಿಗೂ ದಿನಾ ಬರುತ್ತದೆ ಎಂದುಕೊಂಡಳು.

ಹುಬ್ಬಳ್ಳಿಯ ಬಯಲಿನಲ್ಲಿ ಬಸ್ಸುಗಳ ಸಾಲೇ ಸಾಲು. ನರಗುಂದದವರು ಕುಡುಗೋಲು ಹಿಡಿದು ಬಂದಿದ್ದರು. ಗಜೇಂದ್ರಗಡದ ನೇಕಾರರ ಕೈಯಲ್ಲಿ ಲಾಳಿ. ಎಲ್ಲರಿಗೂ ಅವರವರ ಕಸುಬಿನದು ತರಲು ಹೇಳಿದ್ದರು. ಮುಂದಿನ ಸಾಲುಗಳಿಗೆ ಶಾಮಿಯಾನ, ಹಿಂದಿನವರಿಗೆ ಬಿಸಿಲು. ಹೆಂಗಸರು ಮೊರವನ್ನು ತಲೆಯ ಮೇಲೆ ಹಿಡಿದು ಕೂತರು. ಟೀವಿಯವನೊಬ್ಬ ಓಡಿ ಬಂದು, "ಹಂಗ ಇರ್ರಿ, ಹಂಗ ಇರ್ರಿ," ಎಂದು ಚಿತ್ರ ತೆಗೆದ.

"ನೆಳ್ಳಿಗೆ ಹಿಡದಿದ್ದಪಾ, ಸಿಟ್ಟಿಗಲ್ಲ," ಎಂದಳು ಚನ್ನವ್ವ.

ಭಾಷಣಗಳು ಶುರುವಾದವು. ಒಬ್ಬೊಬ್ಬರದೂ ಒಂದೇ ಮಾತು: ರಾಜಧಾನಿಗೆ ಎಷ್ಟು ಕೋಟಿ, ನಮಗೆ ಎಷ್ಟು. ಅಂದಾನಪ್ಪ ಮೈಕು ಹಿಡಿದು, ನಿಜವಾಗಿಯೂ ಒದ್ದೆಯಾದ ಕಣ್ಣು ಒರೆಸಿಕೊಂಡ.

"ನಾವೇನು ಎರಡನೇ ದರ್ಜೆ ಮಂದಿ ಏನು? ನಮಗ ಹೊತ್ತಿಗೆ ಬೆಲಿ ಇಲ್ಲೇನು? ಆಫೀಸಿಗೆ ಅರ್ಧಾ ತಾಸು ತಡಾ ಆದ್ರ ಮನಶ್ಯಾ ಎಷ್ಟ ಕಷ್ಟಾ ಪಡತಾನ ಅನ್ನೂದು ಬೆಂಗಳೂರಾಗ ಕುಂತವರಿಗೆ ಗೊತ್ತೈತೇನು?"

ಇಪ್ಪತ್ತು ನಿಮಿಷಕ್ಕೆ ನೂರೈವತ್ತು ರೂಪಾಯಿ ಕತ್ತರಿಸಿದ ಮನುಷ್ಯ ಹೊತ್ತಿನ ಬೆಲೆಯ ಬಗ್ಗೆ ಮಾತಾಡುತ್ತಿದ್ದ. ಏಳರ ಬಸ್ಸಿನ ಮಾತು ಈಗ ಬರುತ್ತದೆ, ಈಗ ಬರುತ್ತದೆ ಎಂದು ಮದರಬಿ ಕಾದಳು. ಅವನು "ನ್ಯಾಯ ಸಿಗುವವರೆಗೂ" ಎಂದು ಕೈ ಎತ್ತಿ ಕೂತುಬಿಟ್ಟ.

ಮನವಿ ತೆಗೆದುಕೊಳ್ಳಲು ಬಂದ ಸಾರಿಗೆ ಇಲಾಖೆಯ ಸಾಹೇಬ ಎದ್ದು ನಿಂತ. ಬಿಳಿ ಅಂಗಿ, ಮೆತ್ತನೆಯ ಮಾತು.

"ಮೆಟ್ರೋ ದೊಡ್ಡ ವಿಷಯ, ಸರ್ಕಾರದ ಗಮನಕ್ಕೆ ತರತೇನೆ. ಆದರೆ ನಿಮ್ಮ ಐದನೇ ಬೇಡಿಕೆಯನ್ನು ಇವತ್ತೇ, ಈ ವೇದಿಕೆಯಲ್ಲೇ ಈಡೇರಿಸತಾ ಇದ್ದೇವೆ. ಇದಕ್ಕೆ ಹಳ್ಳಿಯ ಹೆಣ್ಣುಮಕ್ಕಳೇ ಹೆಬ್ಬೆಟ್ಟು ಒತ್ತಿ ಒಪ್ಪಿಗೆ ಕೊಟ್ಟದ್ದು ನನಗೆ ಭಾಳ ಸಂತೋಷ."

ಶಶಿಕಾಂತ ಎದ್ದು ನಿಂತು ಎರಡೂ ಕೈ ಎತ್ತಿದ. ಹದಿನಾಲ್ಕು ಹೆಂಗಸರೂ ಚಪ್ಪಾಳೆ ಹೊಡೆದರು. ಚನ್ನವ್ವ ಮೊರವನ್ನು ಡೊಳ್ಳಿನ ಹಾಗೆ ಬಡಿದಳು. ಮದರಬಿಯ ಕಣ್ಣು ಒದ್ದೆಯಾಯಿತು. ಇಷ್ಟು ವರ್ಷದಲ್ಲಿ ಅವಳ ಹೆಬ್ಬೆಟ್ಟಿಗೆ ಮರ್ಯಾದೆ ಸಿಕ್ಕದ್ದು ಅದೇ ಮೊದಲು.

"ಬೇ ಗೌರೀ, ಆ ಐದನೇದು ಓದಿ ಹೇಳವಾ. ಏಳಕ್ಕ ಅಂತ ಬರದಾರೋ, ಬರೇ ಬೆಳಿಗ್ಗೆ ಅಂತ ಬರದಾರೋ ನೋಡ. ಮುಂದ ತಕರಾರ ಆಗಬಾರದು."

ಊಟದ ಪೊಟ್ಟಣದ ಜೊತೆ ಹಂಚಿದ್ದ ಹಾಳೆ ಗೌರವ್ವನ ಮಡಿಲಲ್ಲಿತ್ತು. ಅವಳು ಬೆರಳಿಟ್ಟು ಓದತೊಡಗಿದಳು. ಮುದ್ರಿತ ಕನ್ನಡ ಅವಳ ಬಾಯಲ್ಲಿ ತಡೆತಡೆದು ಬಂತು.

"'ಐದು. ಮೆಟ್ರೋ ಮಂಜೂರಾಗುವವರೆಗೆ ನಗರದ ದಟ್ಟಣೆ ನೀಗಿಸಲು... ಸುತ್ತಲಿನ ತಾಲೂಕುಗಳ ಗ್ರಾಮೀಣ ಮಾರ್ಗಗಳಲ್ಲಿ ಓಡುವ... ಕಡಿಮೆ ಆದಾಯದ ಬಸ್ಸುಗಳನ್ನು... ನಗರಕ್ಕೆ ವರ್ಗಾಯಿಸಬೇಕು.'"

"ಅಂದ್ರ?"

ಗೌರವ್ವ ಇನ್ನೊಮ್ಮೆ ಓದಿದಳು, ಈ ಸಲ ಬಾಯಿಬಿಡದೆ. ಆಮೇಲೆ ಹಾಳೆ ಮಡಚಿ ಮೊರದೊಳಗೆ ಇಟ್ಟಳು.

"ಅಂದ್ರ ನಮ್ಮ ಬಸ್ಸ ತಗೊಂಡ ಹುಬ್ಬಳ್ಳಿಗಿ ಕೊಡರಿ ಅಂತ ನಾವ ಕೇಳೇವಿ, ಮದರಕ್ಕ. ಅವರು ಕೊಟ್ಟಾರ. ನಾವು ಚಪ್ಪಾಳಿ ಹೊಡದೇವಿ."

ಚನ್ನವ್ವನ ಕೈ ಮೊರದ ಮೇಲೆ ಹಾಗೇ ನಿಂತಿತ್ತು.

*

ಮದರಬಿ ಎದ್ದು ವೇದಿಕೆಯ ಮೆಟ್ಟಿಲ ತನಕ ಹೋದಳು. ಶಶಿಕಾಂತ ಎದುರು ಬಂದ.

"ಎಲ್ಲಿ ಬೇ? ಊಟ ಆ ಕಡೆ."

"ಊಟಾ ಬ್ಯಾಡ. ಮೈಕಿನಾಗ ಒಂದ ಮಾತ ಆಡಬೇಕ ನಾ."

"ಮೈಕಿನಾಗ?" ಅವನು ಸುತ್ತ ನೋಡಿ ದನಿ ತಗ್ಗಿಸಿದ. "ನೀ ಭಾಷಣ ಮಾಡತಿ? ನಿಮ್ಮ ಮಂದೀನ ಇಷ್ಟರ ಮಟ್ಟಿಗೆ ಕರಕೊಂಡ ಬಂದದ್ದ ಹೆಚ್ಚಾತು. ಮುಕಳಿ ಮುಚ್ಚಕೊಂಡ ಹೋಗಿ ಕೂಡ."

"ಐದನೇದು ನಮ್ಮ ಬಸ್ಸಿಂದು ಅಂದಿ ನೀ."

"ಸುಳ್ಳ ಹೇಳೇನೇನು? ಬಸ್ಸಿಂದ ಐತಿ." ಅವನು ನಕ್ಕು, ಮೆಟ್ಟಿಲ ಬಳಿ ಕಾವಲಿಗಿದ್ದ ಪೊಲೀಸಿನವಳಿಗೆ ಕಣ್ಣಸನ್ನೆ ಮಾಡಿದ. ಪೊಲೀಸಿನವಳು ಮದರಬಿಯ ರಟ್ಟೆ ಹಿಡಿದು ಕೆಳಗೆ ತಿರುಗಿಸಿ ಬಿಟ್ಟಳು. ಮೊರ ಮೆಟ್ಟಿಲಿಗೆ ಬಡಿದು ಅಂಚಿನ ಎರಡು ಸೀಳು ಬಿಚ್ಚಿಕೊಂಡಿತು. ಮೇಲೆ ಅಂದಾನಪ್ಪ ಸಾಹೇಬನಿಗೆ ಶಾಲು ಹೊದಿಸುತ್ತಿದ್ದ. ಅವಳನ್ನು ನೋಡಿದ. ನೋಡಿದವನು ಶಾಲಿನ ಮಡಿಕೆ ಸರಿ ಮಾಡಿದ.

ಬಸ್ಸಿನ ಹತ್ತಿರ ಬಂದಾಗ ದೇವಪ್ಪ ಫಲಕದ ಹಗ್ಗ ಬಿಚ್ಚುತ್ತಿದ್ದ. ಪಕ್ಕದಲ್ಲಿ ಡಿಪೋದ ಸೂಪರ್‌ವೈಸರ್ ಒಬ್ಬ ರಟ್ಟಿನ ಮೇಲೆ ಏನೋ ಬರೆದುಕೊಳ್ಳುತ್ತಿದ್ದ.

"ಗಾಡಿ ಇಲ್ಲೇ ಬಿಟ್ಟ ಬಾ ಅಂತ ಆರ್ಡರ್ ಐತಿ, ಮದರಕ್ಕ," ಎಂದ ದೇವಪ್ಪ ಮುಖ ಎತ್ತದೆ. "ಮುಂಜಾನೆನ ಗೊತ್ತಿತ್ತು. ಹೇಳಾಕ ಬಾಯಿ ಬರಲಿಲ್ಲ. ಹ್ಯಾಂಗೂ ಸಭಾಕ್ಕ ಬರತಾವಲ್ಲ, ಡೀಸೆಲ್ ಉಳೀತೈತಿ ಅಂದ್ರು."

"ನಾವು ಊರಿಗೆ ಹ್ಯಾಂಗ ಹೋಗೂದು?"

"ಲಾರಿ ಹೇಳೇವಿ," ಎಂದ ಸೂಪರ್‌ವೈಸರ್. "ನೋಡಮಾ, ನಿಮ್ಮ ರೂಟಿಗೆ ಕಲೆಕ್ಷನ್ನ ಇಲ್ಲ. ಬರೇ ಸೊನ್ನೆ ಟಿಕೆಟ್. ಸೊನ್ನೆ ಎಷ್ಟ ಕೂಡಿಸಿದ್ರೂ ಸೊನ್ನೆ ಅಲ್ಲೇನು?"

ಇಂಥ ಮಾತಿಗೆ ಉತ್ತರ ಮದರಬಿಗೆ ಯಾವಾಗಲೂ ಮನೆಗೆ ಹೋಗಿ, ರೊಟ್ಟಿ ಬಡಿಯುವಾಗ ಹೊಳೆಯುತ್ತಿತ್ತು. ಇವತ್ತು ಮನೆಗೆ ಹೋಗುವ ದಾರಿಯೇ ಇರಲಿಲ್ಲ. ಅವಳು ಕೈಯೊಳಗಿನ ಮೊರ ನೋಡಿದಳು. ಹತ್ತಿ ಹೋಗಿ ಡ್ರೈವರನ ಸೀಟಿನ ಮೇಲೆ ಅದನ್ನು ಬೋರಲು ಹಾಕಿದಳು. ಹಾಕಿ, ಇಂಜಿನ್ ಪೆಟ್ಟಿಗೆಯ ಮೇಲೆ ಕೂತಳು.

ಗೌರವ್ವನಿಗೆ ಹೇಳಿಕೊಡಬೇಕಾಗಲಿಲ್ಲ. ಅವಳು ಮುಂದಿನ ಸೀಟಿನ ಮೇಲೆ ತನ್ನದನ್ನು ಇಟ್ಟಳು. ಒಬ್ಬರ ಹಿಂದೆ ಒಬ್ಬರು ಹತ್ತಿದರು. ಕಬ್ಬಿಣ ಚುಚ್ಚುವ ಹಿಂದಿನ ಸೀಟಿನ ಮೇಲೆ ಚನ್ನವ್ವನ ಮೊರ ಬಿತ್ತು. ಹದಿನಾಲ್ಕು ಸೀಟಿಗೆ ಹದಿನಾಲ್ಕು ಮೊರ.

"ಏನಿದು ನಾಟಕ? ಏ ದೇವಪ್ಪ, ಅದನ್ನ ತಗದ ಒಗೆದು ಗಾಡಿ ಹಿಂದಕ್ಕ ತಗಿ," ಎಂದ ಸೂಪರ್‌ವೈಸರ್.

ದೇವಪ್ಪ ಬಾಗಿಲ ತನಕ ಹೋದ. ಸೀಟಿನ ಮೇಲಿನ ಮೊರ ನೋಡಿ ನಿಂತ.

"ಮರ ಇಟ್ಟಾರ್ರಿ."

"ಇಟ್ರ?"

"ನಾ ಎತ್ತೂದಿಲ್ರಿ. ನಮ್ಮವ್ವ ಜೀವ ಇರೂತನಕ ಎತ್ತಿದ್ದಿಲ್ಲ."

"ಸಸ್ಪೆಂಡ್ ಆಕ್ಕಿ ಮಗನ."

"ಆಗೂಣ್ರಿ," ಎಂದು ದೇವಪ್ಪ ಮೆಟ್ಟಿಲ ಮೇಲೆ ಕೂತು ತಂಬಾಕು ತಿಕ್ಕತೊಡಗಿದ. ಸುಣ್ಣ ಅಂಗೈಗಿಂತ ಹೆಚ್ಚಾಗಿ ಪ್ಯಾಂಟಿಗೆ ಬಿತ್ತು.

ಸುದ್ದಿ ಹೋಗಿ ಅಂದಾನಪ್ಪ ಕಾರಿನಲ್ಲೇ ಬಂದ. ಕೊರಳಲ್ಲಿ ಇನ್ನೂ ಹಾರವಿತ್ತು. ಬಸ್ಸಿನೊಳಗೆ ಇಣುಕಿದ. ಒಂದು ಕ್ಷಣ ಅವನಿಗೆ ತಾನು ತನ್ನ ಅಂಗಡಿಯ ಅಂಗಳಕ್ಕೇ ಬಂದೆನೇನೋ ಅನಿಸಿರಬೇಕು.

"ಇಳೀರಿ. ಮರ್ಯಾದಿಲೆ ಹೇಳಾಕತ್ತೇನಿ."

ಯಾರೂ ಇಳಿಯಲಿಲ್ಲ.

"ಮದರಬೀ, ನನ್ನ ಅಂಗಡ್ಯಾಗ ಇಪ್ಪತ್ತ ವರ್ಷ ಉಂಡಿದಿ."

"ದುಡದೇನ್ರಿ," ಎಂದಳು ಮದರಬಿ. "ಉಂಡದ್ದು ನಮ್ಮ ಮನ್ಯಾಗ."

"ಮರ ಎತ್ತ."

"ನೀವ ಮಾಡಿದ ರೂಲ್ ರೀ ಇದು. ಇಟ್ಟವರದ ರಾಶಿ ಅಂತ."

"ಅದ ಕಡ್ಲಿ ರಾಶಿಗೆ ಬೇ, ಬೋಸುಡೇರ್ಯಾ. ಸರ್ಕಾರದ ಗಾಡಿಗಲ್ಲ."

"ರೊಕ್ಕ ಎಲ್ಲಾರ್ದು ಅಂದ್ರಿ ನಿನ್ನೆ. ಬೆಂಕಿಪೆಟಗಿದೂ ಐತಿ ಅಂದ್ರಿ. ಬೆಂಗಳೂರಿನವರು ನಿಮ್ಮದ ಕಸಗೊಂಡ್ರಂತ ನೀವು ಅತ್ರಿ. ನೀವು ನಮ್ಮದ ಕಸಗೊಂಡ್ರಿ. ನಾವು ಯಾರ ಮುಂದ ಅಳೂಣು?"

ಅಂದಾನಪ್ಪ ಒಳಗೆ ಬಂದು ಡ್ರೈವರ್ ಸೀಟಿನ ಮೇಲಿನ ಮೊರ ಎತ್ತಿ ಹೊರಗೆಸೆದ. ಇಪ್ಪತ್ತು ವರ್ಷದಲ್ಲಿ ಆ ಮಾರ್ಕೆಟ್ಟಿನ ಯಾವ ಕೈಯೂ ಮಾಡದ ಕೆಲಸ. ಅವನ ಹಿಂದೆ ನಿಂತಿದ್ದ ರೋಣದ ಹಮಾಲರಿಬ್ಬರು ನೆಲ ನೋಡಿದರು.

ಚನ್ನವ್ವ ಹಿಂದಿನಿಂದ ಸೀಟು ಹಿಡಿದು ಹಿಡಿದು ಬಂದಳು. ಖಾಲಿಯಾದ ಸೀಟಿನ ಮೇಲೆ ತನ್ನ ಮೊರ ಇಟ್ಟಳು. ಅವನು ಅದನ್ನೂ ಎಸೆದ, ಎರಡೂ ಕಲ್ಲಿಗೆ ಬಡಿದು ಒಡೆದವು. ಗೌರವ್ವ ತನ್ನದನ್ನು ಇಟ್ಟಳು. ಅದನ್ನು ಅವನು ಮೊಣಕಾಲಿಗೆ ಹಾಕಿ ಮುರಿದ. ಇನ್ನೊಬ್ಬಳು ಇಟ್ಟಳು. ಬಿದಿರು ಮುರಿಯುವ ಸದ್ದು, ಅವನ ಏದುಸಿರು, ಅಷ್ಟೇ. ಹೊರಗೆ ಗಜೇಂದ್ರಗಡದ ನೇಕಾರರು ತಮ್ಮ ಬಸ್ಸಿನ ಕಡೆ ಹೊರಟವರು ನಿಂತರು. ನರಗುಂದದವರು ಕುಡುಗೋಲು ಹಿಡಿದುಕೊಂಡೇ ಹತ್ತಿರ ಬಂದರು. ಅವರಿಗೆ ಆಗಲೇ ಲಾರಿ ತೋರಿಸಿದ್ದರು. ಬೆಳಿಗ್ಗೆಯ ಟೀವಿಯವನು ಓಡಿ ಬಂದು ಗಾಜಿಲ್ಲದ ಕಿಟಕಿಯೊಳಗೆ ಕ್ಯಾಮೆರಾ ತೂರಿಸಿದ.

ಒಂಬತ್ತನೆಯದನ್ನು ಮುರಿದು ಅಂದಾನಪ್ಪ ತಲೆ ಎತ್ತಿದ. ಕೊರಳ ಹಾರ ಹರಿದು ಹೂವು ಸೀಟಿನ ತುಂಬ ಚೆಲ್ಲಿತ್ತು. ಅಂಗೈಗೆ ಬಿದಿರಿನ ಸಿಬಿರು ಹೊಕ್ಕು ರಕ್ತ ಬರುತ್ತಿತ್ತು. ಹತ್ತನೆಯ ಮೊರ ಸೀಟಿನ ಮೇಲೆ ಬಿತ್ತು. ಅವನು ಅದನ್ನು ಮುಟ್ಟಲಿಲ್ಲ.

"ಸಾಹೇಬ್ರ," ಸೂಪರ್‌ವೈಸರನಿಗೆ ಹೇಳಿದ, "ಇವತ್ತ ಒಂದಿನ ಒಯ್ಯಲಿ ಬಿಡ್ರಿ ಹಡಬಿಟ್ಟಿಗೋಳು. ಕ್ಯಾಮೆರಾದ ಮುಂದ ಬ್ಯಾಡ."

ಸೂಪರ್‌ವೈಸರ್ ರಟ್ಟಿನ ಮೇಲೆ ಬರೆದದ್ದನ್ನು ಹೊಡೆದುಹಾಕಿ, ಮತ್ತೇನೋ ಬರೆದ.

ಗೌರವ್ವ ಅವನ ಕೈ ಇಣುಕಿ ಓದಿದಳು. "'ಮುಂದಿನ ಆದೇಶದವರೆಗೆ ಜಕ್ಕಲಿ ಮಾರ್ಗದಲ್ಲೇ' ಅಂತ."

ದೇವಪ್ಪ ಸೀಟಿನ ಹತ್ತಿರ ಬಂದು ಮದರಬಿಯ ಮುಖ ನೋಡಿದ. ಅವಳು ಹತ್ತನೆಯ ಮೊರವನ್ನು ತಾನೇ ಎತ್ತಿ ತೊಡೆಯ ಮೇಲಿಟ್ಟುಕೊಂಡಳು. ಅವನು ಕೂತು ಗಾಡಿ ಚಾಲೂ ಮಾಡಿದ.

*

ಮರುದಿನ ಎಂಟಕ್ಕೆ ಹತ್ತು ನಿಮಿಷವಿರುವಾಗಲೇ ಅವರು ಅಂಗಡಿಯ ಮುಂದಿದ್ದರು. ರಾಶಿ ಸುರಿದಿದ್ದರು. ಉಳಿದ ಐದು ಮೊರಗಳಲ್ಲಿ ಒಂದನ್ನು ಮದರಬಿ ರಾಶಿಯ ಮೇಲೆ ಇಡಲು ಬಗ್ಗಿದಳು. ಗಾದಿಯ ಮೇಲೆ ಕೂತಿದ್ದ ಅಂದಾನಪ್ಪ ಬ್ಯಾಂಡೇಜು ಸುತ್ತಿದ ಕೈ ಎತ್ತಿದ.

"ನಿಮ್ಮ ಮರ ಬಸ್ಸಿನಾಗ ಇಡಹೋಗ್ರಿ. ಇಲ್ಲೆ ಬ್ಯಾಡ."

ಹಿಂದಿನ ದಿನದ ಕೂಲಿ ಕೇಳಿದ್ದಕ್ಕೆ ಶಶಿಕಾಂತ ನಕ್ಕ. ಹುಬ್ಬಳ್ಳಿಯಿಂದ ವಾಪಸ್ಸು ಬರಲಿಕ್ಕೆ ಸುಟ್ಟ ಡೀಸೆಲ್ಲಿಗೆ ಅದು ಸರಿಹೋಯಿತಂತೆ.

ಊರಿಗೆ ವಾಪಸ್ಸು ಬರಲು ಬಸ್ಸು ಹತ್ತಿದಾಗ ದೇವಪ್ಪ ಟಿಕೆಟ್ಟಿನ ಯಂತ್ರ ಒತ್ತುತ್ತ ಹೇಳಿದ.

"ಒಂದ ಮಾತ ಹೇಳತೇನಿ ಕೇಳ್ರಿ. ಡಿಪೋದಾಗ ತಿಂಗಳ ಕೊನೀಗೆ ರೊಕ್ಕ ಅಷ್ಟ ನೋಡೂದಿಲ್ಲ, ತಲಿನೂ ಎಣಸತಾರ. ಸೊನ್ನೆ ಟಿಕೆಟ್ ಆದ್ರೂ ಒಂದ ತಲಿ ಅಂತ ಬೀಳತೈತಿ. ನೀವು ಹತ್ತಲಿಲ್ಲಂದ್ರ ಗಾಡಿ ಖಾಲಿ ಅಂತ ಬರೀತಾರ. ಸಾಲಿ ಹುಡಿಗ್ಯಾರು ಹನ್ನೊಂದ ಮಂದಿ ಅದಾರ, ಅಷ್ಟಕ್ಕ ನಿಲ್ಲೂದಿಲ್ಲ ಇದು."

ಅಂದಿನಿಂದ ಹದಿನಾಲ್ಕು ಹೆಂಗಸರು ದಿನಾ ಬೆಳಿಗ್ಗೆ ಆ ಬಸ್ಸು ಹತ್ತುತ್ತಾರೆ. ರೋಣದಲ್ಲಿ ಇಳಿದು ಮಾರ್ಕೆಟ್ಟಿನ ಗೇಟಿನ ಹೊರಗೆ ನಿಲ್ಲುತ್ತಾರೆ. ಬೇರೆ ದಲಾಲರು ಅಂದಾನಪ್ಪನ ಮುಖ ನೋಡಿ ಸುಮ್ಮನಿದ್ದಾರೆ. ಮಾಲು ಹೆಚ್ಚು ಬಂದ ದಿನ ನಾಲ್ಕೈದು ಮಂದಿಯನ್ನು ಇನ್ನೂರಕ್ಕೆ ಒಳಗೆ ಕರೆಯುತ್ತಾರೆ. ಉಳಿದವರು ಮುಂದಿನ ಬಸ್ಸಿಗೆ ತಿರುಗಿ ಬರುತ್ತಾರೆ. ಮದರಬಿ ಈಗ ಮನೆಯಲ್ಲಿ ಗಂಡನ ಜೊತೆ ಗಾದಿ ಹೊಲಿಯಲು ಕೂಡುತ್ತಾಳೆ, ಅವಳಿಗೂ ಕೆಮ್ಮು ಶುರುವಾಗಿದೆ. ಆದರೂ ಆರೂ ಮುಕ್ಕಾಲಿಗೆ ನಿಲ್ದಾಣದಲ್ಲಿರುತ್ತಾಳೆ.

ಹೋದದ್ದು ಒಂದು ದಿನದ ಮುನ್ನೂರು, ಒಂಬತ್ತು ಮೊರ, ಹದಿನಾಲ್ಕು ಮಂದಿಯ ಕೆಲಸ. ಗಜೇಂದ್ರಗಡದ ನೇಕಾರರ ಬಸ್ಸೂ ನರಗುಂದದವರ ಬಸ್ಸೂ ಹುಬ್ಬಳ್ಳಿಯಲ್ಲೇ ಉಳಿದವು. ಹುಬ್ಬಳ್ಳಿಗೆ ಮೆಟ್ರೋ ಬಂದಿಲ್ಲ. ಜಕ್ಕಲಿಗೆ ಏಳರ ಬಸ್ಸು ಏಳೂ ಹತ್ತಕ್ಕೆ ಬರುತ್ತಿದೆ.